ಎದೆಗೆ ಗುದ್ದಿದ ಪೆಟ್ಟಿಗೆ

ನನ್ನ ಮಗ ನಿನ್ನೆ ಮನೆಯಲ್ಲಿ ಕೂತು ಸಿನಿಮಾ ನೋಡಿದ. ಪೂರ್ತಿ ನೋಡಿದ, ಹೆಸರು ಬೀಳುವುದರಿಂದ ಹಿಡಿದು ಕೊನೆಗೆ ಎಲ್ಲರೂ ಒಂದಾಗುವವರೆಗೆ. ನನ್ನ ಮೊಮ್ಮಗಳು ಕೈಯಾರೆ ಮಾಡಿದ ವೂಫರ್ ಪೆಟ್ಟಿಗೆ ನಡುಮನೆಯ ಮೂಲೆಯಲ್ಲಿ ಕೂತು ಗುಡುಗಿತು, ನಾನು ಕೂತಿದ್ದ ಮಂಚ ನಡುಗಿತು. ಈ ಸುದ್ದಿಯನ್ನು ಇವತ್ತು ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಹೇಳಿದೆ, ಕಬ್ಬು ಕಡಿಯಲು ಬಂದವರಿಗೆ ಹೇಳಿದೆ, ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸೊಬ್ಬಳಿಗೂ ಹೇಳಿದೆ. ಆಕೆ, "ಮಗ ಸಿನಿಮಾ ನೋಡುದ್ರೆ ಅದ್ರಲ್ಲೇನ್ ಬಂತು ಯಜಮಾನ್ರೆ?" ಅಂದಳು. ಏನು ಬಂತು ಅಂತ ಬಿಡಿಸಿ ಹೇಳುವಷ್ಟರಲ್ಲಿ ಅವಳ ಬಸ್ಸು ಬಂದುಬಿಟ್ಟಿತು. ಅದಕ್ಕೇ ಬರೆಯುತ್ತಿದ್ದೇನೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೊಮ್ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಖಾಲಿ ಹಾಳೆ ಬೇಕಾದಷ್ಟಿವೆ, ಹೇಳಬೇಕಾದ್ದು ಅದಕ್ಕಿಂತ ಹೆಚ್ಚಿದೆ.

ನಮ್ಮದು ಭಾರತೀನಗರದ ಮಗ್ಗುಲಿನ ಹಳ್ಳಿ. ನಾನು ಆಲೆಮನೆಯಲ್ಲಿ ಬೆಲ್ಲ ಬೇಯಿಸಿಯೇ ಮುದುಕನಾದವನು. ಮಗನಿಗೆ ಪಾಕದ ವಾಸನೆ ಆಗಿಬರಲಿಲ್ಲ. ಬೆಳಿಗ್ಗೆ ಹೊತ್ತು ಹೊಲ ನೋಡಿಕೊಂಡು, ಮಧ್ಯಾಹ್ನದ ಮೇಲೆ ಮಳವಳ್ಳಿ ರಸ್ತೆಯ ಟಾಕೀಸಿನಲ್ಲಿ ಆಪರೇಟರ್ ಆದ. ಸಿನಿಮಾ ಓಡಿಸುವವನು ಅಂತ. ಊರಿನ ಹುಡುಗರಿಗೆಲ್ಲ ಅವನೆಂದರೆ ದೇವರು. ಮನೆಯವರ ಪಾಲಿಗೆ ಮಾತ್ರ ಅವನು ಸಿಗುತ್ತಿರಲಿಲ್ಲ. ಮ್ಯಾಟ್ನಿ ಮುಗಿಸಿ ಬಂದು ಒಂದು ಲೋಟ ಟೀ ಕುಡಿದು, ಆರು ಗಂಟೆಗೆ ಸರಿಯಾಗಿ ಮತ್ತೆ ಹೊರಡುತ್ತಿದ್ದ. ಸೊಸೆ ಕಟ್ಟಿಕೊಟ್ಟ ಊಟದ ಕ್ಯಾರಿಯರ್ ಮೊಪೆಡ್ಡಿನ ಹ್ಯಾಂಡಲಿಗೆ ತೂಗಬೇಕು. ಫಸ್ಟ್ ಶೋನ ಇಂಟರ್‌ವಲ್ ಹದಿನೈದು ನಿಮಿಷ, ಅಷ್ಟರಲ್ಲಿ ಕ್ಯಾಬಿನ್ನಿನಲ್ಲಿ ನಿಂತೇ ಉಣ್ಣಬೇಕು, ಬೆಲ್ ಹೊಡೆದರೆ ಕೈ ತೊಳೆದು ಮಿಷಿನ್ನಿನ ಮುಂದೆ ಹಾಜರಾಗಬೇಕು. ಹಬ್ಬದ ದಿನವಂತೂ ಬೆಳಿಗ್ಗೆಯಿಂದಲೇ ಶೋ. ಮದುವೆಯಾಗಿ, ಮಗಳು ಹುಟ್ಟಿ, ಆ ಮಗಳು ಕಾಲೇಜು ಮೆಟ್ಟಿಲು ಹತ್ತಿದರೂ ಅವನು ಸಂಜೆ ಊಟಕ್ಕೆ ನಮ್ಮ ಜೊತೆ ಒಂದು ದಿನ ಕೂತವನಲ್ಲ.

ಎರಡು ವರ್ಷದ ಹಿಂದೆ ಟಾಕೀಸು ಮುಚ್ಚಿತು. ಜನ ಬರುವುದು ನಿಂತಿತ್ತು, ಮುಚ್ಚಿದರು. ಇನ್ನಾದರೂ ಮಗ ಮನೆಯಲ್ಲಿರುತ್ತಾನೆ ಅಂತ ನನ್ನ ಹೆಂಡತಿ ಒಳಗೊಳಗೇ ಹಿಗ್ಗಿದಳು. ಮುಚ್ಚಿದ ಮಾರನೇ ದಿನ ಸಂಜೆ ಅವನು ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿಕೊಂಡು, ಅಡುಗೆಮನೆ ಬಾಗಿಲಲ್ಲಿ ನಿಂತು "ಕ್ಯಾರಿಯರ್" ಅಂದ. ಸೊಸೆ ಕಟ್ಟಿಕೊಟ್ಟಳು. ಅದರ ಮಾರನೇ ದಿನವೂ ಅಷ್ಟೇ. ಹಾಗೇ ಎರಡು ವರ್ಷ.

ಒಮ್ಮೆ ನಾನು ಆಟೋ ಹತ್ತಿ ಹಿಂದೆಯೇ ಹೋಗಿ ನೋಡಿದೆ. ಟಾಕೀಸಿನ ಗೇಟಿಗೆ ಬೀಗ. ಪಕ್ಕದಲ್ಲಿ ಟೀ ಗಾಡಿ. ಗೇಟಿನ ಮುಂದಿನ ಮೆಟ್ಟಿಲ ಮೇಲೆ ನನ್ನ ಮಗ ಕೂತಿದ್ದ. ಕೈಗಡಿಯಾರ ನೋಡಿದ, ಎದ್ದು ನಿಂತ, ಕ್ಯಾರಿಯರ್ ಬಿಚ್ಚಿ ನಿಂತುಕೊಂಡೇ ಉಂಡ, ಡಬ್ಬಿ ತೊಳೆದು ಮತ್ತೆ ಕೂತ. ಅದೇ ಆಟೋದಲ್ಲಿ ವಾಪಸ್ ಬಂದು ಯಾರಿಗೂ ಹೇಳಲಿಲ್ಲ. ನನ್ನ ಮುಖ ನೋಡಿ ಮೊಮ್ಮಗಳೊಬ್ಬಳು ಮಾತ್ರ ಕೇಳಿದಳು, "ತಾತ, ಅಲ್ಲಿಗೋಗಿದ್ಯಾ?"

ಮನೆಗೆ ದೊಡ್ಡ ಟೀವಿ ತಂದಾಯಿತು. ಅವನು ಬಾಗಿಲಲ್ಲೇ ನಿಂತು ಅರ್ಧ ನಿಮಿಷ ನೋಡಿದ.

"ಬಾರಪ್ಪ, ಕುಂತ್ಕೊ" ಅಂದಳು ಅವನ ಮಗಳು.

"ಇದು ಸಿನ್ಮಾ ಅಲ್ಲ ಕಣವ್ವ, ಬರೀ ಪಟ. ಸಿನ್ಮಾ ಅಂದ್ರೆ ಎದೆಗೆ ಗುದ್ದಬೇಕು" ಅಂತ ಹೇಳಿ ಕ್ಯಾರಿಯರ್ ತೆಗೆದುಕೊಂಡು ಹೊರಟ.

ನಾವೆಲ್ಲ ಅದನ್ನು ಬೇಸರದ ಮಾತು ಅಂದುಕೊಂಡೆವು. ಮೊಮ್ಮಗಳು ಅದನ್ನು ಕೆಲಸದ ಮಾತು ಅಂದುಕೊಂಡಳು. ಅವಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೇ ವರ್ಷ. ಮಾರನೇ ದಿನ ನಾನು ಕೊಟ್ಟಿಗೆಯಲ್ಲಿ ಹಸುವಿಗೆ ಹುಲ್ಲು ಹಾಕುತ್ತಿದ್ದಾಗ ಬಂದು ನಿಂತಳು.

"ತಾತ, ಅಪ್ಪನ್ನ ಸಂಜೆ ಹೊತ್ತು ಮನೇಲಿ ಕೂರುಸ್ತೀನಿ. ನೀನು ಕೈ ಜೋಡುಸ್ಬೇಕು."

"ಎಂಗವ್ವಾ? ಕಟ್ಟಾಕ್ತೀಯಾ?"

"ಗುದ್ದಬೇಕು ಅಂದ್ನಲ್ಲ, ಗುದ್ದಿಸ್ತೀನಿ."

ಟೀವಿಯೊಳಗಿನ ಸ್ಪೀಕರಿನ ಬಾಯಿ ಚಿಕ್ಕದಂತೆ. ಮಾತು, ಹಾಡು ಅದರಲ್ಲಿ ಬರುತ್ತದಂತೆ. ಗುಡುಗು, ನಗಾರಿ, ಕುದುರೆ ಓಟ, ಅಂಥ ತಳದ ಸದ್ದಿಗೆ ಅಗಲವಾದ ಬಾಯಿ ಬೇಕು, ಆ ಬಾಯಿಗೆ ಸರಿಯಾದ ಪೆಟ್ಟಿಗೆ ಬೇಕು. ಅದಕ್ಕೆ ಸಬ್ ವೂಫರ್ ಅನ್ನುತ್ತಾರೆ. ಅಂಗಡಿಯಲ್ಲಿ ಸಿಗುವುದನ್ನೇ ತಂದುಬಿಡೋಣ ಅಂದೆ. "ಅಂಗಡೀದು ಅಂಗೈಯಷ್ಟಗಲ ಇರ್ತದೆ ತಾತ. ಅಪ್ಪ ಟಾಕೀಸ್ ಸೌಂಡಲ್ಲಿ ಬೆಳ್ದೋನು, ಅದುಕ್ಕೆಲ್ಲ ಬಗ್ಗಾಕಿಲ್ಲ" ಅಂದಳು.

ಟಾಕೀಸಿನ ಸಾಮಾನು ಮದ್ದೂರಿನ ಒಂದು ಗುಜರಿಗೆ ಹೋಗಿದೆ ಅನ್ನುವುದನ್ನು ಅವಳು ಆಗಲೇ ಪತ್ತೆ ಮಾಡಿದ್ದಳು. ಇಬ್ಬರೂ ಬಸ್ಸು ಹತ್ತಿ ಹೋದೆವು. ಮುರಿದ ಕುರ್ಚಿಗಳ ರಾಶಿಯ ಅಡಿಯಲ್ಲಿ, ಧೂಳು ಮುಚ್ಚಿಕೊಂಡು, ಮೊರದಷ್ಟು ಅಗಲದ ಒಂದು ಸ್ಪೀಕರ್ ಬಿದ್ದಿತ್ತು.

"ಯಾಕಜ್ಜಾ, ಮದ್ವೆ ಮನೆಗೆ ಮೈಕ್‌ಸೆಟ್ ಹಾಕ್ತೀರಾ? ಅದು ಸತ್ತೋಗಿ ಕಾಲ ಆಯ್ತು" ಅಂದ ಗುಜರಿಯವನು.

ಮೊಮ್ಮಗಳು ಬ್ಯಾಗಿನಿಂದ ಒಂದು ಟಾರ್ಚಿನ ಸೆಲ್ ತೆಗೆದಳು, ಎರಡು ವೈರು ತೆಗೆದಳು, ಸ್ಪೀಕರಿನ ಹಿಂದಕ್ಕೆ ಮುಟ್ಟಿಸಿದಳು. ಒಳಗಿನ ಕಾಗದದ ಬಟ್ಟಲು 'ಟಪ್' ಅಂತ ಒಂದು ಸಲ ಮುಂದಕ್ಕೆ ಬಂದು ನಿಂತಿತು. ಗುಜರಿಯವನು ಹಿಂದಕ್ಕೆ ಸರಿದ. "ಅಯ್ಯಯ್ಯಪ್ಪ, ಉಸ್ರಾಡ್ತಾದಲ್ಲವ್ವ ಇದು!" ಅಂದ. ಆಮೇಲೆ ತಾನೇ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ ಸ್ಟ್ಯಾಂಡಿನವರೆಗೆ ಹೊತ್ತುಕೊಂಡು ಬಂದ. ಆಯಸ್ಕಾಂತದ ಭಾರ ಅಂದರೆ ಭಾರ. ನಾನು ತೊಡೆ ಮೇಲೆ ಇಟ್ಟುಕೊಂಡಿದ್ದೆ, ಕಾಲು ಜೋಮು ಹಿಡಿಯಿತು. ಕಂಡಕ್ಟರ್ ಚೀಲದ ಮೇಲೆ ತಟ್ಟಿ, "ಏನ್ ಯಜಮಾನ್ರೆ, ಒರಳುಕಲ್ಲಾ?" ಅಂದ. "ಮಗುನ್ ಎದೆಗೆ ಗುದ್ದಾಕೆ" ಅಂದೆ. ಅವನು ನನ್ನ ಮುಖ ನೋಡಿಕೊಂಡು ಮುಂದೆ ಹೋದ.

ಕೆಲಸ ನಡೆದಿದ್ದು ಕೊಟ್ಟಿಗೆಯ ಹಿಂದಿನ ಕೋಣೆಯಲ್ಲಿ, ಮಗ ಹೊಲದಲ್ಲಿರುವ ಹೊತ್ತಿನಲ್ಲಿ. ಪೆಟ್ಟಿಗೆಯೊಳಗೆ ಎಷ್ಟು ಗಾಳಿ ಇರಬೇಕು ಅನ್ನುವುದೇ ದೊಡ್ಡ ಲೆಕ್ಕ. ನಾನು ಕೊಪ್ಪರಿಗೆಗೆ ಎಷ್ಟು ಹಾಲು ಹಿಡಿಯುತ್ತದೆ ಅಂತ ಕಣ್ಣಳತೆಯಲ್ಲಿ ಹೇಳಬಲ್ಲೆ, ಕಬ್ಬಿನ ಹಾಲು. ಗಾಳಿ ಅಳೆಯುವುದನ್ನು ಈ ವಯಸ್ಸಿನಲ್ಲಿ ಕಂಡೆ. ಭಾರತೀನಗರದ ಬಡಗಿಯ ಹತ್ತಿರ ಮುಕ್ಕಾಲು ಇಂಚಿನ ಪ್ಲೈವುಡ್ ಅಳತೆಗೆ ಕೊಯ್ಯಿಸಿ ತಂದೆವು. ಮೊಳೆ ಹೊಡೆದು, ದಾರ ಕಟ್ಟಿ, ಪೆನ್ಸಿಲಿನಿಂದ ಗುಂಡಗೆ ಗೆರೆ ಎಳೆದು ಬಾಯಿ ಕೊರೆದದ್ದು ಅವಳೇ. ಗಾಳಿ ಆಡಲು ಒಂದು ಕೊಳವೆ ಬೇಕಂತೆ. ಬೋರ್‌ವೆಲ್ಲಿಗೆ ತಂದು ಉಳಿದಿದ್ದ ಪೈಪನ್ನು ಅವಳು ಹೇಳಿದ ಉದ್ದಕ್ಕೆ ನಾನು ಕೊಯ್ದೆ. ಕೆಟ್ಟು ಮೂಲೆ ಸೇರಿದ್ದ ಸ್ಟೆಬಿಲೈಸರ್ ಡಬ್ಬದೊಳಗೆ ಆಂಪ್ಲಿಫೈಯರ್ ಕೂರಿಸಿದಳು. ಬೆಸುಗೆ ಹಾಕುವಾಗ ಅವಳ ಕೈ ನೋಡಬೇಕು, ನಡುಕ ಅನ್ನುವುದಿಲ್ಲ. ತಳದ ಸದ್ದನ್ನು ಮಾತ್ರ ಸೋಸಿ ಒಳಗೆ ಬಿಡುವ ಒಂದು ಜರಡಿಯೂ ಅದರಲ್ಲಿದೆ ಅಂತ ಹೇಳಿದಳು. ಜರಡಿ ಎಲ್ಲಿ ಅಂತ ಹುಡುಕಿದೆ, ಕಡಲೆಕಾಳಿನಷ್ಟು ಗಾತ್ರದ ಎರಡು ಮೂರು ಸಾಮಾನು ತೋರಿಸಿದಳು.

ಪೆಟ್ಟಿಗೆಯ ಒಳಗೋಡೆಗೆ ಹತ್ತಿ ಬೇಕು ಅಂದಾಗ ನನ್ನ ಹೆಂಡತಿಗೆ ವಿಷಯ ಗೊತ್ತಾಗಲೇಬೇಕಾಯಿತು, ಯಾಕೆಂದರೆ ಮನೆಯಲ್ಲಿದ್ದ ಬೂರುಗದ ಹತ್ತಿಯ ದಿಂಬು ಅವಳದ್ದು.

"ನಮ್ಮವ್ವ ಕೊಟ್ಟ ದಿಂಬು ಕಣಮ್ಮಿ ಅದು! ಡಬ್ಬಕ್ಕೆ ತುಂಬುಕ್ಕಾ?"

"ಅಪ್ಪುಂಗೆ ಅಜ್ಜಿ."

ಅವಳು ದಿಂಬನ್ನು ಒಂದು ಸಲ ಎದೆಗೆ ಒತ್ತಿಕೊಂಡು, ತಾನೇ ಹೊಲಿಗೆ ಬಿಚ್ಚಿ ಕೊಟ್ಟಳು.

ಈಗ ನನ್ನ ಘನಂದಾರಿ ಕೆಲಸ ಹೇಳಬೇಕು. ಒಂದು ದಿನ ಮೊಮ್ಮಗಳಿಗೆ ಪರೀಕ್ಷೆ. ಹೋಗುವಾಗ, "ತಾತ, ಎಲ್ಲ ಸಂದಿಗೂ ಅಂಟು, ಮರದ ಪುಡಿ ಕಲ್ಸಿ ಮೆತ್ತು. ಸೂಜಿ ತೂತನೂ ಇರ್ಬಾರ್ದು, ಗಾಳಿ ಓದ್ರೆ ಎಲ್ಲ ವೇಸ್ಟು" ಅಂದಳು. ಅಂಟಿನ ಡಬ್ಬಿ ಕೈಗೆ ತೆಗೆದುಕೊಂಡೆ. ತೆಳ್ಳಗೆ, ಹಾಲಿನಂತಿತ್ತು. ನನಗೆ ನಂಬಿಕೆ ಬರಲಿಲ್ಲ. ನಮ್ಮ ಕಾಲದಲ್ಲಿ ಗುಡಾಣ ಸೀಳು ಬಿಟ್ಟರೆ ಬೆಲ್ಲ, ಸುಣ್ಣ ಸೇರಿಸಿ ಅರೆದು ಮೆತ್ತುತ್ತಿದ್ದೆವು, ಕಲ್ಲಾಗುತ್ತಿತ್ತು. ಬೆಲ್ಲದ ವಿಚಾರದಲ್ಲಿ ನನಗೆ ಯಾರು ಹೇಳಬೇಕು? ಒಳ್ಳೇ ಅಚ್ಚು ಬೆಲ್ಲ ಕುಟ್ಟಿ, ಸುಣ್ಣ ಹಾಕಿ, ಎಳೆ ಬರುವವರೆಗೆ ಅರೆದು ಸಂದುಸಂದಿಗೂ ತುಂಬಿದೆ. ಮೇಲೆ ಮಾತ್ರ ತೋರಿಕೆಗೆ ಅಂಟು ಸವರಿದೆ. ಸಂಜೆ ಅವಳು ಬಂದು ಬೆರಳಿನಿಂದ ತಟ್ಟಿ ನೋಡಿ, "ಸೂಪರ್ ತಾತ, ಕಲ್ ಇದ್ದಂಗದೆ" ಅಂದಳು. ನಾನು ಮೀಸೆ ತಿರುವಿದೆ.

ಒಂದು ವಾರ ಒಣಗಲು ಬಿಟ್ಟು ಒಂದು ಮಧ್ಯಾಹ್ನ ಪರೀಕ್ಷೆಗೆ ಇಟ್ಟೆವು. ಮಗ ಹೊಲಕ್ಕೆ ನೀರು ಬಿಡಲು ಹೋಗಿದ್ದ, ಸಂಜೆಯವರೆಗೆ ಬರುವವನಲ್ಲ. ಮೊಮ್ಮಗಳು ಮೊಬೈಲಿನಿಂದ ಏನೋ ಹಾಕಿದಳು. 'ಧಂ' ಅಂತು. ಗೋಡೆಯಾಚೆ ಅಡುಗೆಮನೆಯ ಸ್ಟೀಲ್ ಪಾತ್ರೆಗಳೆಲ್ಲ ಒಟ್ಟಿಗೆ ಗಲಗಲ ಅಂದವು, ಹಸು ಎದ್ದು ನಿಂತಿತು, ನನ್ನ ಹೆಂಡತಿ "ಯಾರ್ ಬಿದ್ರೋ!" ಅಂತ ಓಡಿ ಬಂದಳು. ನನಗಂತೂ ಕುಣಿಯುವಂತಾಯಿತು. ಮೊಮ್ಮಗಳ ಮುಖ ಮಾತ್ರ ಗಂಟಾಯಿತು. ಎರಡನೇ 'ಧಂ'ಗೆ ನನಗೂ ಕೇಳಿಸಿತು: ಗುದ್ದಿನ ಬೆನ್ನಿಗೇ ಒಂದು 'ಫುಸ್', ಪಂಕ್ಚರ್ ಆದ ಸೈಕಲ್ ಟೈರಿನ ಥರ.

"ಗಾಳಿ ಓಯ್ತಾದೆ."

ಹೇಳಿದ್ದು ಮೊಮ್ಮಗಳಲ್ಲ. ತಿರುಗಿ ನೋಡಿದರೆ ಬಾಗಿಲಲ್ಲಿ ಮಗ, ಮೊಣಕಾಲವರೆಗೆ ಕೆಸರು. ಪಂಪಿನ ತ್ರೀಫೇಸ್ ಕರೆಂಟು ಹೋದದ್ದರಿಂದ ಅವನು ವಾಪಸ್ ಬಂದಿದ್ದ. ಊರಿನ ಕರೆಂಟು ಬೇರೆ ಲೈನಾದ್ದರಿಂದ ನಮಗೆ ತಿಳಿದಿರಲಿಲ್ಲ. ಏನು, ಯಾಕೆ ಅಂತ ಕೇಳಲಿಲ್ಲ. ಮಂಡಿಯೂರಿ ಪೆಟ್ಟಿಗೆಗೆ ಕಿವಿ ಇಟ್ಟ.

"ಇನ್ನೊಂದ್ಸಲಿ ಹಾಕು. ವಸಿ ಜೋರಾಗಿ. ಹೂಂ... ಇಂದ್ಗಡೆ. ಅವ್ವಾ, ಒಂದ್ ಊದಿನಕಡ್ಡಿ ಅಂಟ್ಸ್ಕೊಂಡ್ ಬಾ."

ನನ್ನ ಹೆಂಡತಿ ದೇವರ ಗೂಡಿನಿಂದ ಕಡ್ಡಿ ಹಚ್ಚಿಕೊಂಡು ಬಂದಳು. "ಪೂಜೆ ಮಾಡ್ಬೇಕೇನ್ಲಾ ಇದಕ್ಕೆ?" ಅನ್ನುತ್ತಲೇ ಪೆಟ್ಟಿಗೆಯ ಸುತ್ತ ಸಂದಿಯುದ್ದಕ್ಕೂ ಹಿಡಿದುಕೊಂಡು ಹೋದಳು. ಮೂರು ಕಡೆ ಹೊಗೆ ನೆಟ್ಟಗೆ ಎದ್ದಿತು. ಹಿಂದಿನ ಸಂದಿಗೆ ಬಂದಾಗ ಕೊಂಕಿತು, ಒಳಗೆ ಹೋಗಿ ಹೊರಗೆ ಬಂತು. ಮಗ ಅಲ್ಲಿ ಉಗುರಿನಿಂದ ಕೆರೆದ. ಬಿಳೀ ಹಕ್ಕಳೆ ಉದುರಿತು. ಅದರ ಹಿಂದೆ ಇರುವೆ. ಒಂದಲ್ಲ, ಎರಡಲ್ಲ, ಮೆರವಣಿಗೆ. ಬೆಲ್ಲವನ್ನು ತಿಂದು ತಿಂದು ಒಳಗೊಳಗೇ ಸುರಂಗ ತೋಡಿಬಿಟ್ಟಿದ್ದವು.

ಮಗ ಬೆರಳು ಮೂಸಿದ. ನಾಲಿಗೆಗೆ ಮುಟ್ಟಿಸಿದ. ನಿಧಾನವಾಗಿ ನನ್ನ ಕಡೆ ತಿರುಗಿದ.

"ಅಪ್ಪೋ. ನೀನಾ?"

"ಸುಣ್ಣನೂ ಹಾಕಿವ್ನಿ ಕಣ್ಲಾ..."

"ಸ್ಪೀಕರ್ ಡಬ್ಬಕ್ಕೆ ಪಾಕ ಹುಯ್ದಿದ್ದೀಯಲ್ಲಪ್ಪ!"

ಅಂದವನೇ ನಗಲು ಶುರು ಮಾಡಿದ. ಎರಡು ವರ್ಷದಲ್ಲಿ ನಾನು ಆ ಸದ್ದು ಕೇಳಿರಲಿಲ್ಲ. ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕ. ಮೊಮ್ಮಗಳು ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ನಗಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ನನಗೆ ನಾಚಿಕೆಯಾಗಬೇಕಿತ್ತು. ಇನ್ನೂ ಎರಡು ಅಚ್ಚು ಮೆತ್ತಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಒಳಗಿನ ಇರುವೆ ತೆಗೆಯಲು ಮಗ ತಿರುಪು ಬಿಚ್ಚಿ ಸ್ಪೀಕರನ್ನು ಹೊರಗೆತ್ತಿದ. ಆಗ ಅವನ ನಗು ನಿಂತಿತು. ಕಾಗದದ ಬಟ್ಟಲಿನ ಹಿಂಬದಿಯಲ್ಲಿ ಒಂದು ತೇಪೆ, ಮಾಸಿದ ಗುಲಾಬಿ ಬಣ್ಣದ ಚೂರು. ಅದರ ಮೇಲೆ ಹೆಬ್ಬೆರಳು ಇಟ್ಟ.

"ಬಾಲ್ಕನಿ ಟಿಕೆಟ್ಟು" ಅಂದ. "ಶೋ ಮಧ್ಯ ಹರ್ಕೊಂಡ್ತು. ಅಂಟು ಇತ್ತು, ಕಾಗ್ದ ಇರ್ನಿಲ್ಲ. ಟಿಕೆಟ್ ಹರ್ದು ನಾನೇ ಅಂಟ್ಸಿದ್ದು. ಎಲ್ಲಿ ಸಿಕ್ತವ್ವ ನಿಂಗಿದು?"

"ಗುಜ್ರೀಲಿ" ಅಂದಳು ಮೊಮ್ಮಗಳು, ತಪ್ಪು ಮಾಡಿದವಳ ಹಾಗೆ.

ಅವನು ಸ್ಪೀಕರನ್ನು ಗೋಣಿಚೀಲದ ಮೇಲೆ ಇಟ್ಟ. ಆರು ಗಂಟೆಗೆ ಮುಖ ತೊಳೆದು ಕ್ಯಾರಿಯರ್ ತೆಗೆದುಕೊಂಡು ಹೊರಟುಹೋದ. ಮೊಪೆಡ್ಡಿನ ಸದ್ದು ರಸ್ತೆಯ ತಿರುವಿನವರೆಗೂ ಕೇಳಿಸುತ್ತಿತ್ತು. ಮೊಮ್ಮಗಳು ಬಿಚ್ಚಿದ ಪೆಟ್ಟಿಗೆಯ ಪಕ್ಕದಲ್ಲಿ ಕೂತೇ ಇದ್ದಳು.

ಮಾರನೇ ದಿನ ಬೆಳಿಗ್ಗೆ ಹೊಲಕ್ಕೆ ಹೋಗುವ ಮುಂಚೆ ಅವನೇ ಕೊಟ್ಟಿಗೆಗೆ ಬಂದ. ಕೈಯಲ್ಲಿ ಅಂಟಿನ ಡಬ್ಬಿ, ರಬ್ಬರಿನ ಪಟ್ಟಿ. "ಅಪ್ಪುನ್ ಮಾತ್ರ ಅತ್ರ ಬುಡ್ಬೇಡ" ಅಂತ ಮಗಳಿಗೆ ಹೇಳಿ ಕೂತ. ಅಲ್ಲಿಂದ ಮೂರು ದಿನ ಅಪ್ಪ ಮಗಳದೇ ಕಾರುಬಾರು. ನಾನು ಹಸುವಿನ ನೆಪದಲ್ಲಿ ಗೋಡೆಗೆ ಕಿವಿ ಕೊಟ್ಟಿದ್ದೆ. ಅವಳು ಲೆಕ್ಕ ಹೇಳುವಳು, ಇವನು ಬೆರಳಿನಿಂದ ತಟ್ಟಿ ಬೇರೆಯೇ ಹೇಳುವನು, ಇಬ್ಬರೂ ಜಗಳ ಆಡುವರು, ಒಂದು ಸಲ ಅವಳು ಸರಿ, ಒಂದು ಸಲ ಇವನು ಸರಿ. ಹುಟ್ಟಿದಾಗಿನಿಂದ ಅವಳು ಅಪ್ಪನ ಜೊತೆ ಇಷ್ಟು ಮಾತಾಡಿದ್ದು ನಾನು ಕಾಣೆ. ಆದರೂ ಆರು ಗಂಟೆ ಹೊಡೆದರೆ ಅವನು ಅರ್ಧ ತಿರುಪಿನಲ್ಲೂ ಕೈ ಬಿಟ್ಟು ಎದ್ದುಬಿಡುವನು.

"ಪೆಟ್ಟಿಗೆ ಸರಿ ಆಯ್ತು ತಾತ" ಅಂದಳು ಶನಿವಾರ. "ಅಪ್ಪ ಇನ್ನೂ ಓಯ್ತಾನೇ ಅವ್ನೆ."

ನಿನ್ನೆ ಭಾನುವಾರ ಎರಡೂವರೆಗೆ ಮ್ಯಾಟ್ನಿ ಅಂತ ಅವಳು ಸಾರಿದಳು. ಪೆಟ್ಟಿಗೆಯನ್ನು ಟೀವಿ ಕೆಳಗೆ ಇಡಬೇಕೆಂದಿದ್ದವಳನ್ನು ಮಗ ತಡೆದ. "ಮೂಲೆಗ್ ಮಡ್ಗು. ಗೋಡೆಗೆ ವಸಿ ಒತ್ತಿ. ಎರ್ಡು ಗೋಡೆನೂ ಸೇರ್ಕೊಂಡ್ ಗುದ್ದಬೇಕು." ಕಿಟಕಿಗೆಲ್ಲ ಕಂಬಳಿ ಕಟ್ಟಿದ. ಅಡುಗೆಮನೆಯ ಪಾತ್ರೆಗಳ ನಡುವೆ ಬಟ್ಟೆ ಸಿಕ್ಕಿಸಿದ. ದೇವರ ಗೂಡಿನ ಗಂಟೆ ತಂದು ಮೂರು ಸಲ ಅಲ್ಲಾಡಿಸಿದ. "ಮುಟ್ಟಬ್ಯಾಡ್ವೋ ಅದ!" ಅಂತ ಅವರವ್ವ ಬೈದಳು. ಆಮೇಲೆ ಅವನು ಅಭ್ಯಾಸಬಲದಿಂದ ಹಿಂದಕ್ಕೆ ಹೋಗಿ, ಎಲ್ಲರ ಬೆನ್ನ ಹಿಂದೆ ಬಾಗಿಲ ಹತ್ತಿರ ನಿಂತ.

"ಅಪ್ಪ, ಮಿಷಿನ್ ನಾನ್ ನೋಡ್ಕತ್ತೀನಿ. ನೀನ್ ಕುಂತ್ಕೊ" ಅಂತ ಮಗಳು ಚಾಪೆಯಲ್ಲಿ ಜಾಗ ಮಾಡಿದಳು.

ಅವನು ಸೊಸೆಯ ಪಕ್ಕದಲ್ಲಿ ಬಂದು ಕೂತ. ಆ ಸಿನಿಮಾ ಅವನೇ ಒಂದು ಕಾಲದಲ್ಲಿ ವಾರಗಟ್ಟಲೆ ಓಡಿಸಿದ್ದು. ಮಳೆ, ಗುಡುಗು, ಕುದುರೆ. ಮೊದಲ ಗುಡುಗು ಬಂತು ನೋಡಿ, ನನ್ನ ಎದೆಯ ಎಲುಬಿನ ಒಳಗಿನಿಂದ ಬಂದಂತೆ ಬಂತು. 'ಫುಸ್' ಇಲ್ಲ, ಗಲಗಲ ಇಲ್ಲ. ಕತ್ತಲಲ್ಲಿ ಮಗ ತನ್ನ ಎದೆಯ ಮೇಲೆ ಅಂಗೈ ಇಟ್ಟುಕೊಂಡದ್ದು ಕಂಡಿತು. ಸ್ವಲ್ಪ ಹೊತ್ತಿಗೆ ನಾಯಕಿಯ ಅಪ್ಪ ಸಾಯುವಾಗ ಅವನು ಮೂಗು ಎಳೆದುಕೊಂಡ.

"ನೂರ್ ಸಲಿ ಓಡ್ಸಿರೋ ಸಿನ್ಮಾಗೆ ಅಳ್ತೀರಾ?" ಅಂದಳು ಸೊಸೆ ಮೆಲ್ಲಗೆ.

"ಓಡ್ಸಿವ್ನಿ ಕಣಮ್ಮಿ. ನೋಡಿರ್ನಿಲ್ಲ. ಕ್ಯಾಬಿನ್ ಕಿಂಡೀಲಿ ಏನ್ ಕಾಣ್ತದೆ? ಮಿಷಿನ್ ಕಡೀಕೇ ಕಣ್ಣು."

ಇಂಟರ್‌ವಲ್ಲಿಗೆ ನನ್ನ ಹೆಂಡತಿ ಚುರುಮುರಿ ಕಲಸಿ ಕಾಗದದ ಪೊಟ್ಟಣದಲ್ಲಿ ಕೊಟ್ಟಳು. ಅವನು ಕೂತುಕೊಂಡೇ ತಿಂದ.

ಸಿನಿಮಾ ಮುಗಿದು ಕಂಬಳಿ ಬಿಚ್ಚುವ ಹೊತ್ತಿಗೆ ಬಿಸಿಲು ಇಳಿದಿತ್ತು. ಗೋಡೆ ಗಡಿಯಾರದಲ್ಲಿ ಆರಕ್ಕೆ ಐದು ನಿಮಿಷ. ಅವನು ಎದ್ದು, ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದ. ಮೊಮ್ಮಗಳು ವೈರು ಸುತ್ತುವ ನೆಪದಲ್ಲಿ ತಲೆ ಬಗ್ಗಿಸಿದಳು. ನಾನು ಸೂರು ನೋಡಿದೆ. ಸೊಸೆ ಅಡುಗೆಮನೆ ಬಾಗಿಲಿಗೆ ಬಂದಳು, ಕೈಯಲ್ಲಿ ಖಾಲಿ ಕ್ಯಾರಿಯರ್.

"ಕಟ್ಲಾ?"

ಅವನು ಟವಲಿನಿಂದ ಮುಖ ಒರೆಸುತ್ತಾ, "ಏನ್ ಸಾರು?" ಅಂದ.

"ಅವರೇಕಾಳ್ದು."

"ಮುದ್ದೆ ಆಯ್ತಾ?"

"ಇಲ್ಲ. ಈಗ ತೊಳಸ್ಬೇಕು."

"ಅಂಗಾರೆ ಕ್ಯಾರಿಯರ್ ಬ್ಯಾಡ ಬುಡು, ಆರೋಯ್ತದೆ. ಬಿಸೀದೇ ತಟ್ಟೆಗಾಕು. ಎಲ್ರೂವೆ ಕುಂತ್ಕಳನ."

ಸೊಸೆ ಕ್ಯಾರಿಯರನ್ನು ಎಲ್ಲಿ ಇಟ್ಟಳೋ ನಾನು ನೋಡಲಿಲ್ಲ, ನನ್ನ ಕಣ್ಣು ಮಂಜಾಗಿತ್ತು. ಒಲೆ ಮೇಲೆ ಹಿಟ್ಟು ತೊಳಸುವ ಸದ್ದು ಮಾತ್ರ ಜೋರಾಗಿ ಕೇಳಿಸಿತು.

ನಡುಮನೆಯಲ್ಲಿ ಐದು ತಟ್ಟೆ ಬಿದ್ದವು. ಮಗ ಬಿಸಿ ಮುದ್ದೆಗೆ ಬೆರಳಿಟ್ಟು "ಹಾ!" ಅಂತ ಹಿಂದೆ ತೆಗೆದುಕೊಂಡ. ಇಷ್ಟು ವರ್ಷ ಆರಿದ ಮುದ್ದೆ ಉಂಡ ಕೈ ಅದು. ಆದರೂ ಗಬಗಬ ನುಂಗತೊಡಗಿದ, ನಮ್ಮದು ಕಾಲುಭಾಗ ಆಗುವಷ್ಟರಲ್ಲಿ ಅವನದು ಮುಗಿಯುತ್ತಾ ಬಂತು.

"ಅಪ್ಪ, ನಿಧಾನ. ಬೆಲ್ ಹೊಡಿಯಾಕಿಲ್ಲ" ಅಂದಳು ಮಗಳು.

ಅವನು ನಕ್ಕು ತುತ್ತು ಸಣ್ಣದು ಮಾಡಿದ. ನನ್ನ ಹೆಂಡತಿ ಖುಷಿಗೆ ಎಲ್ಲರ ತಟ್ಟೆಗೂ ಒಂದೊಂದು ಚೂರು ಬೆಲ್ಲ ಇಡುತ್ತಾ ಬಂದಳು. ನನ್ನ ಸರದಿ ಬಂದಾಗ ಮಗ, "ಅವ್ವಾ, ಅಪ್ಪುಂಗ್ ಕೊಡ್ಬೇಡ, ಟೀವಿಗ್ ಮೆತ್ತಾನು" ಅಂದ. ಸೊಸೆಗೆ ನಕ್ಕು ನೆತ್ತಿಗೆ ಹತ್ತಿತು, ಮೊಮ್ಮಗಳು ಅವಳ ತಲೆ ತಟ್ಟಿದಳು, ಎಲ್ಲರೂ ಒಟ್ಟಿಗೆ ಮಾತಾಡತೊಡಗಿದೆವು.

ಮಗ ಇನ್ನೊಂದು ಅರ್ಧ ಮುದ್ದೆ ಕೇಳಿ ಹಾಕಿಸಿಕೊಂಡ. ನಾನೂ ತಟ್ಟೆ ಮುಂದೆ ಮಾಡಿದೆ. ಹಸಿವಿರಲಿಲ್ಲ. ಅವನು ಏಳುವವರೆಗೆ ನಾನು ಏಳಬಾರದು ಅನ್ನಿಸಿತು.